ಸತ್ಯಾಂಶ: ಅಮೆರಿಕದ ಅಧ್ಯಕ್ಷರ ಒಂದು ಸಹಿಗೆ ಬಂದೂಕುಗಳೆಲ್ಲ ವಶವಾಗುತ್ತವೆಯೇ?

"2024ರಲ್ಲಿ ಕಮಲಾ ಹ್ಯಾರಿಸ್ ಗೆದ್ದಿದ್ದರೆ ಒಂದೇ ಸಹಿಯಿಂದ ಅಮೆರಿಕನ್ನರ ಬಂದೂಕುಗಳೆಲ್ಲ ಸರ್ಕಾರದ ವಶವಾಗುತ್ತಿದ್ದವು, ಡೊನಾಲ್ಡ್ ಟ್ರಂಪ್ ಬಂದೂಕಿನ ಮೇಲೆ ಎಂದೂ ನಿರ್ಬಂಧ ಹೇರಿದವರಲ್ಲ" ಎಂಬ ಫಾರ್ವರ್ಡ್ ಸಂದೇಶದ ಎರಡೂ ಭಾಗಗಳು ತಪ್ಪು.

ಮೊದಲ ಮಾತಿಗೆ ಒಂದು ಎಳೆಯಷ್ಟು ಆಧಾರವಿದೆ. 2019ರಲ್ಲಿ ಹ್ಯಾರಿಸ್ ಅವರು ಸೇನಾ ಮಾದರಿಯ ರೈಫಲ್‌ಗಳನ್ನು ಸರ್ಕಾರವೇ ಹಣ ಕೊಟ್ಟು ಕಡ್ಡಾಯವಾಗಿ ಹಿಂಪಡೆಯಬೇಕೆಂದಿದ್ದರು. 2024ರ ಪ್ರಚಾರದಲ್ಲಿ ಅದನ್ನು ಕೈಬಿಟ್ಟರು. ಸೆಪ್ಟೆಂಬರ್ 10ರ ಚರ್ಚೆಯಲ್ಲಿ, ತಮ್ಮ ಬಳಿಯೂ ಬಂದೂಕಿದೆ, ಯಾರ ಬಂದೂಕನ್ನೂ ಕಿತ್ತುಕೊಳ್ಳುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಆದರೆ ಅಂಥ ರೈಫಲ್‌ಗಳ ಮಾರಾಟ ನಿಷೇಧದ ಬೇಡಿಕೆಯನ್ನು ಅವರು ಬಿಟ್ಟಿರಲಿಲ್ಲ.

ಎರಡನೆಯ ಮಾತಿಗೆ ಆಧಾರವೇ ಇಲ್ಲ. 2017ರ ಲಾಸ್ ವೇಗಸ್ ಹತ್ಯಾಕಾಂಡದ ನಂತರ, ರೈಫಲ್ ಅತಿ ವೇಗವಾಗಿ ಗುಂಡು ಹಾರಿಸುವಂತೆ ಮಾಡುವ 'ಬಂಪ್ ಸ್ಟಾಕ್' ಎಂಬ ಸಾಧನವನ್ನು 2018ರ ಡಿಸೆಂಬರ್‌ನಲ್ಲಿ ನಿಷೇಧಿಸಿದ್ದು ಟ್ರಂಪ್ ಆಡಳಿತವೇ. 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧವನ್ನು 6-3 ಬಹುಮತದಿಂದ ರದ್ದುಪಡಿಸಿತು. ಇಲ್ಲಿ ಗಮನಿಸಬೇಕಾದದ್ದು ಕಾರಣ: ಮಷೀನ್ ಗನ್‌ಗಳನ್ನು ನಿರ್ಬಂಧಿಸಲು ಸಂಸತ್ತು ಬರೆದ ಕಾನೂನಿನಲ್ಲಿರುವ 'ಮಷೀನ್ ಗನ್' ಎಂಬುದರ ವ್ಯಾಖ್ಯೆಗೆ ಆ ಸಾಧನ ಸೇರುವುದಿಲ್ಲವಾದ್ದರಿಂದ, ಆಡಳಿತವು ಕೇವಲ ನಿಯಮದ ಮೂಲಕ ಅದನ್ನು ಸೇರಿಸಲಾಗದು ಎಂದು ನ್ಯಾಯಾಲಯ ಹೇಳಿತು. ಇಷ್ಟು ಸಣ್ಣ ಸಾಧನದ ವಿಷಯದಲ್ಲೇ ಅಧ್ಯಕ್ಷರ ಕೈ ಕಟ್ಟಿದೆ.

ಬಂದೂಕು ಹೊಂದುವುದು ವ್ಯಕ್ತಿಯ ಹಕ್ಕೆಂದು ಅದೇ ನ್ಯಾಯಾಲಯ 2008ರಲ್ಲಿ ತೀರ್ಪಿತ್ತಿದೆ. ಆ ಹಕ್ಕಿಗೆ ಆಧಾರವಾದ, ಅಮೆರಿಕದ ಸಂವಿಧಾನದ 1791ರ ಎರಡನೇ ತಿದ್ದುಪಡಿಯನ್ನೇ ತೆಗೆದುಹಾಕಬೇಕಾದರೆ ಸಾಮಾನ್ಯವಾಗಿ ಸಂಸತ್ತಿನ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತಗಳೂ, 50ರಲ್ಲಿ 38 ರಾಜ್ಯಗಳ ಅನುಮೋದನೆಯೂ ಬೇಕು. ಈ ಪ್ರಕ್ರಿಯೆಯಲ್ಲಿ ಅಧ್ಯಕ್ಷರ ಸಹಿಗೆ ಸ್ಥಾನವೇ ಇಲ್ಲ.