ಮೂರು ಮಿಲಿಮೀಟರ್ ಗೋಡೆ

ಕಾಸರಗೋಡಿನ ಬದಿಯಡ್ಕದ ಕಡೆ ಯಾರಾದರೂ ಮನೆ ಕಟ್ಟುತ್ತಿದ್ದಾರೆ ಎಂದು ಗೊತ್ತಾದರೆ ಸಾಕು, ಬಸ್ಸಿಗೆ ಹೊರಟವರೂ ಒಂದು ಗಳಿಗೆ ಒಳಗೆ ಬಂದು ಅಡುಗೆಮನೆ ಯಾವ ಮೂಲೆಗೆ ಎಂದು ವಿಚಾರಿಸಿ ಹೋಗುತ್ತಾರೆ. ನಮ್ಮಲ್ಲಿಗೂ ಬರುತ್ತಾರೆ. ನಾವು ಕಟ್ಟುವ ಮನೆ ಮೇಜಿನ ಮೇಲೆ ಹಿಡಿಯುವಷ್ಟೇ ದೊಡ್ಡದು, ಅದರಲ್ಲಿ ವಾಸ ಮಾಡುವುದು ಗೊಂಬೆಗಳು ಎಂಬುದೆಲ್ಲ ಅವರಿಗೆ ಲೆಕ್ಕಕ್ಕೇ ಇಲ್ಲ.

ಕೆಲಸ ಇಷ್ಟೇ. ಮನೆಯ ಗೋಡೆ, ಮಾಡು, ಬಾಗಿಲುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಚಪ್ಪಟೆ ತುಂಡುಗಳಾಗಿ ಬಿಡಿಸುವುದು. 3 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಲೇಸರ್ ಮೆಷಿನಿನಿಂದ ಕತ್ತರಿಸುವುದು. ಪೆಟ್ಟಿಗೆಗೆ ತುಂಬಿಸಿ ಕಳಿಸುವುದು. ತೆಗೆದುಕೊಂಡವರು ಒಂದು ತುಂಡಿನ ಅಂಚಿನ ಹಲ್ಲುಗಳನ್ನು ಇನ್ನೊಂದರ ಕಿಂಡಿಗಳಿಗೆ ಸಿಕ್ಕಿಸಿ, ಗೋಂದು ಹಚ್ಚಿ, ಮನೆ ಎಬ್ಬಿಸಿಕೊಳ್ಳಬೇಕು. ಅಳತೆ 1:12. ನಿಜವಾದ ಮನೆಯ ಒಂದು ಅಡಿ ಇಲ್ಲಿ ಒಂದು ಇಂಚು. ಇಂಗ್ಲೆಂಡಿನ ರಾಣಿ ಮೇರಿಗೆಂದು 1921ರಿಂದ 1924ರವರೆಗೆ ಕಟ್ಟಿದ ಗೊಂಬೆಮನೆಯೂ ಇದೇ ಅಳತೆಯದು. ಅದರ ನಕ್ಷೆ ಮಾಡಿದವರು ಎಡ್ವಿನ್ ಲುಟಿಯನ್ಸ್, ದೆಹಲಿಯ ರಾಷ್ಟ್ರಪತಿ ಭವನದ ನಕ್ಷೆ ಮಾಡಿದ ಅದೇ ಮನುಷ್ಯ. ಆ ಮನೆಯಲ್ಲಿ ಕರೆಂಟು ಉಂಟು, ನಲ್ಲಿಯಲ್ಲಿ ನೀರು ಬರುವ ವ್ಯವಸ್ಥೆ ಉಂಟು, ಲಿಫ್ಟೂ ಉಂಟು. ಇದನ್ನೆಲ್ಲ ನಾನು ಭಾರೀ ಉತ್ಸಾಹದಿಂದ ಅತ್ತೆಗೆ ಹೇಳಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡು, "ಹಟ್ಟಿ ಎಲ್ಲಿ?" ಎಂದರು.

"ಹಟ್ಟಿ ಗೊತ್ತಿಲ್ಲ ಅತ್ತೆ. ಕಾರು ನಿಲ್ಲಿಸಲಿಕ್ಕೆ ಶೆಡ್ಡು ಉಂಟು."

"ಕಾರು ಹಾಲು ಕೊಡ್ತದಾ?"

ಹಾಗಾಗಿ ನಮ್ಮ ಮನೆಗೆ ಮೊದಲು ಹಟ್ಟಿ ಬಂತು. ಆಮೇಲೆ ಜಗಲಿ, ಚಾವಡಿ, ಅಟ್ಟ, ಒಲೆ ಇರುವ ಬಚ್ಚಲು, ತುಳಸಿಕಟ್ಟೆ ಎಲ್ಲ ಒಂದರ ಹಿಂದೆ ಒಂದು ಬಂದವು. ನಮ್ಮೂರಿನ ಹಳೇ ಮನೆಯನ್ನು ಇದ್ದ ಹಾಗೇ ಇಳಿಸಬೇಕು ಎಂಬುದು ಇವರ, ಅಂದರೆ ನನ್ನ ಗಂಡನ, ಹಟ. ಹಳೇ ಮನೆಯ ಒಳಬಾಗಿಲು ಐದೇ ಅಡಿ. ಇಲ್ಲಿ ಐದು ಇಂಚು ಮಾಡಿದೆವು. 1:12ರ ಗಂಡಸು ಗೊಂಬೆ ಆರು ಇಂಚಿನ ಹತ್ತಿರ ಇರುತ್ತದೆ. ಒಳಗೆ ಕಳಿಸಿದರೆ ತಲೆ ಠಣ್ ಎಂದು ದಾರಂದಕ್ಕೆ ಬಡಿಯಿತು. ಬಾಗಿಲು ಎತ್ತರಿಸೋಣ ಎಂದೆ. ಅತ್ತೆ ಬಿಡಲಿಲ್ಲ. ಈ ಮನೆಗೆ ಬಂದ ಅಳಿಯಂದಿರೆಲ್ಲ ಹಣೆ ಜಜ್ಜಿಸಿಕೊಂಡವರೇ, ಇವನೇನು ದೊಡ್ಡ ಜನವಾ ಎಂದರು. ಬಾಗಿಲು ಇವತ್ತಿಗೂ ಐದಿಂಚೇ.

ಇನ್ನು ಪ್ಲೈವುಡ್ಡಿನ ವಿಷಯ. 3 ಮಿಲಿಮೀಟರ್ ಎಂಬುದು ಅಂಗಡಿಯವರ ಒಂದು ನಂಬಿಕೆ, ಅಷ್ಟೇ. ಒಂದು ಹಾಳೆ 2.7 ಇರುತ್ತದೆ, ಇನ್ನೊಂದು 3.2 ಇರುತ್ತದೆ. ಒಂದೇ ಹಾಳೆಯ ಈ ಮೂಲೆಗೂ ಆ ಮೂಲೆಗೂ ಮಾತುಕತೆ ಇರುವುದಿಲ್ಲ. ಜೊತೆಗೆ ಲೇಸರ್ ಹಾದುಹೋದಲ್ಲಿ ಮರ ಸುಟ್ಟು ಹೋಗುತ್ತದಲ್ವಾ, ಆ ಸೀಳೇ 0.1ರಿಂದ 0.2 ಮಿಲಿಮೀಟರ್ ಆಗುತ್ತದೆ. ಅಷ್ಟಕ್ಕೇ ಕಿಂಡಿ ದೊಡ್ಡದಾಗುತ್ತದೆ, ಹಲ್ಲು ಸಣ್ಣದಾಗುತ್ತದೆ, ಗೋಡೆ ಕುಡಿದು ಬಂದವರಂತೆ ವಾಲುತ್ತದೆ. ಅದಕ್ಕೇ ಪ್ರತಿ ಹಾಳೆಯಿಂದ ಮೊದಲು ಒಂದು ಪಟ್ಟಿ ಕತ್ತರಿಸುತ್ತೇವೆ. ಅದರಲ್ಲಿ 2.6, 2.7, 2.8 ಎಂದು ಬೇರೆಬೇರೆ ಅಗಲದ ಕಿಂಡಿಗಳು ಸಾಲಾಗಿರುತ್ತವೆ. ಯಾವುದರಲ್ಲಿ ಪ್ಲೈ ಬಿಗಿಯಾಗಿ ಕೂರುತ್ತದೋ ಆ ಸಂಖ್ಯೆಯನ್ನು ನಕ್ಷೆಗೆ ಹಾಕಬೇಕು. ಇದಕ್ಕೆ ನಮ್ಮಲ್ಲಿ ಬಾಚಣಿಗೆ ಎಂದೇ ಹೆಸರು. ಮಗಳು ಆ ಹೆಸರನ್ನು ನಂಬಿಬಿಟ್ಟಳು. ಬೇಕಾದಾಗ ಒಂದೂ ಕೈಗೆ ಸಿಗುವುದಿಲ್ಲ. ಹುಡುಕಿದರೆ ಗೊಂಬೆಯ ಜಡೆಯಲ್ಲಿ ಸಿಕ್ಕಿಕೊಂಡಿರುತ್ತದೆ.

ಒಂದು ದಿನ ದಾರಂದ ರಿಪೇರಿಗೆ ಆಚಾರ್ರು ಬಂದಿದ್ದರು. ನಾನು ಪಾಯಿಂಟ್ ಒಂದು, ಪಾಯಿಂಟ್ ಒಂದೂವರೆ ಎಂದು ಲೆಕ್ಕ ಹಾಕುತ್ತಾ ಕೂತಿದ್ದೆ. ಅವರು ವಾಲಿದ ಗೋಡೆಯನ್ನು ಒಮ್ಮೆ ಅಲ್ಲಾಡಿಸಿ ನೋಡಿದರು. ನೆಲದಲ್ಲಿ ಬಿದ್ದಿದ್ದ ಚೂರೊಂದನ್ನು ಉಳಿಯಲ್ಲಿ ಕೆತ್ತಿ, ಕಿಂಡಿಯ ಸಂದಿಗೆ ತುರುಕಿ, ಬೆರಳಲ್ಲಿ ಒತ್ತಿದರು. ಗೋಡೆ ನೆಟ್ಟಗೆ ನಿಂತಿತು.

"ಇದಕ್ಕೆ ಕಂಪ್ಯೂಟರ್ ಯಾಕೆ ಅಕ್ಕ? ಒಂದು ಚಕ್ಕೆ ಸಾಕು."

ಈಗ ನಮ್ಮ ಪ್ರತಿ ಪೆಟ್ಟಿಗೆಯಲ್ಲೂ ಚಕ್ಕೆಗಳ ಸಣ್ಣ ಪೊಟ್ಟಣ ಇರುತ್ತದೆ. ತೆಗೆದುಕೊಂಡವರು ಕಸ ಎಂದು ಬಿಸಾಡುತ್ತಾರೆ. ಆಮೇಲೆ ಗೋಡೆ ವಾಲುತ್ತದೆ ಎಂದು ಫೋನ್ ಮಾಡುತ್ತಾರೆ.

ಕಾಸರಗೋಡಿನ ಮಳೆಗಾಲದಲ್ಲಿ ಈ ಲೆಕ್ಕವೂ ನಿಲ್ಲುವುದಿಲ್ಲ. ಏಪ್ರಿಲಿನಲ್ಲಿ ಸಲೀಸಾಗಿ ಕೂತ ಹಲ್ಲು ಜುಲೈಯಲ್ಲಿ ಉಬ್ಬಿಕೊಂಡು, ಒಳಗೆ ಬರುವುದಿಲ್ಲ ಎಂದು ಹಟ ಹಿಡಿಯುತ್ತದೆ. ಒಮ್ಮೆ ಎರಡು ಮಳೆಯ ನಡುವೆ ಒಳ್ಳೇ ಬಿಸಿಲು ಬಂತು. ಅತ್ತೆಗೆ ಪಾಪ ನಮ್ಮ ಮೇಲೆ ಪ್ರೀತಿ. ನಾವು ಪೇಟೆಗೆ ಹೋಗಿದ್ದಾಗ ಪ್ಲೈ ಹಾಳೆಗಳನ್ನೆಲ್ಲ ಹೊತ್ತು ತಂದು ಅಂಗಳದಲ್ಲಿ ಹರವಿದರು. ಹಾಳೆ ತಳದಲ್ಲಿ ಒದ್ದೆ, ಮೇಲೆ ಬಿಸಿ. ನಾವು ಬರುವಷ್ಟರಲ್ಲಿ ಎಲ್ಲವೂ ಎಣ್ಣೆಗೆ ಬಿದ್ದ ಹಲಸಿನ ಹಪ್ಪಳದ ಹಾಗೆ ಸೆಟೆದುಕೊಂಡು ಕೂತಿದ್ದವು. ಲೇಸರಿನ ಫೋಕಸ್ ಒಂದೇ ಎತ್ತರಕ್ಕೆ ಇರುವುದು. ಹಾಳೆ ಡೊಂಕಾದರೆ ಒಂದು ಕಡೆ ಕತ್ತರಿಸುತ್ತದೆ, ಇನ್ನೊಂದು ಕಡೆ ಸುಮ್ನೆ ಕರಟಿಸುತ್ತದೆ. "ಒಣಗಿದೆಯಲ್ಲ, ಇನ್ನೆಂತ ಬೇಕು?" ಎಂದರು ಅತ್ತೆ. ಒಣಗಿದ್ದಂತೂ ಹೌದು.

ಮೆಷಿನು ಇರುವುದು ಹಳೇ ಅಡಿಕೆ ಕೋಣೆಯಲ್ಲಿ. ಅದನ್ನು ನೋಡಲು ಬಂದವರೆಲ್ಲ ಮರದ ಮೇಲೆ ಓಡುವ ಕೆಂಪು ಚುಕ್ಕಿಯನ್ನು ಕಂಡು, "ಅಬ್ಬ, ಎಷ್ಟು ಪವರು!" ಎನ್ನುತ್ತಾರೆ. ಆ ಚುಕ್ಕಿ ದಾರಿ ತೋರಿಸಲಿಕ್ಕೆ ಮಾತ್ರ. ಕತ್ತರಿಸುವ ಕಿರಣ ಕಣ್ಣಿಗೆ ಕಾಣುವುದೇ ಇಲ್ಲ, ಅದು ಇನ್ಫ್ರಾರೆಡ್. ಎಷ್ಟು ಹೇಳಿದರೂ ಯಾರೂ ನಂಬುವುದಿಲ್ಲ, ನಾನು ಹೇಳುವುದನ್ನು ಬಿಟ್ಟಿದ್ದೇನೆ. ಚೀನಾದ ಮಾಲಲ್ವಾ ಎಂದು ಮೂಗು ಮುರಿಯುವವರಿಗೆ ಮಾತ್ರ ಒಂದು ವಿಷಯ ಹೇಳುತ್ತೇನೆ. ಈ ಕಾರ್ಬನ್ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ ಕಂಡುಹಿಡಿದದ್ದು ಕುಮಾರ್ ಪಟೇಲ್, ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದವರು. ತಕ್ಷಣ ಅವರಿಗೆ ಮೆಷಿನಿನ ಮೇಲೆ ಗೌರವ ಬರುತ್ತದೆ. ಮರುಗಳಿಗೆ ಚೀಲದಿಂದ ಒಂದು ರೆಕ್ಸಿನ್ ತುಂಡು ತೆಗೆದು, "ಇದರಲ್ಲಿ ಮಗನ ಹೆಸರು ಕೊರೆದು ಕೊಡ್ತೀರಾ?" ಎನ್ನುತ್ತಾರೆ. ಆಗುವುದಿಲ್ಲ. ಪಿವಿಸಿ ಇರುವ ರೆಕ್ಸಿನ್ ಸುಟ್ಟರೆ ಬರುವ ಹೊಗೆಯಲ್ಲಿ ಆಸಿಡ್ ಇರುತ್ತದೆ. ಅದು ಮೆಷಿನನ್ನೂ ತಿನ್ನುತ್ತದೆ, ಶ್ವಾಸಕೋಶವನ್ನೂ ಬಿಡುವುದಿಲ್ಲ. ಇದನ್ನು ವಿವರಿಸಿದರೆ "ಮನಸ್ಸಿಲ್ಲದಿದ್ದರೆ ಹಾಗೆ ಹೇಳಿ" ಎಂದು ಮುಖ ದಪ್ಪ ಮಾಡಿಕೊಂಡು ಹೋಗುತ್ತಾರೆ.

ತುಲಾ ತಿಂಗಳಿನಲ್ಲಿ (ಅಕ್ಟೋಬರ್-ನವೆಂಬರ್) ಸಂಜೆಯಾದರೆ ಗುಡುಗು. ಮೊದಲ ಗುಡುಗಿಗೇ ಕರೆಂಟು ಹೋಗುತ್ತದೆ. ಮೆಷಿನಿಗೆ ತಾನು ಎಲ್ಲಿಗೆ ನಿಲ್ಲಿಸಿದ್ದೆ ಎಂಬ ನೆನಪು ಇರುವುದಿಲ್ಲ. ಕರೆಂಟು ಬಂದ ಕೂಡಲೇ ಮೂಲೆಗೆ ಓಡಿಹೋಗಿ ಸಭ್ಯರ ಹಾಗೆ ನಿಲ್ಲುತ್ತದೆ. ಅರ್ಧ ಕತ್ತರಿಸಿದ ಚಾವಡಿಯನ್ನು ಅಪ್ಪಿತಪ್ಪಿ ಮುಟ್ಟಿದ್ದರೆ ಮುಗಿಯಿತು, ಉಳಿದರ್ಧ ಅರ್ಧ ಮಿಲಿಮೀಟರ್ ಆಚೆ ಬೀಳುತ್ತದೆ.

ಮಾಡಿನ ಕಥೆ ಬೇರೆ. ಮಂಗಳೂರು ಹಂಚು ಬಾಸೆಲ್ ಮಿಷನ್ನಿನವರು 1860ರ ದಶಕದಲ್ಲಿ ಶುರು ಮಾಡಿದ್ದು, ಆಗಿನಿಂದ ಎಷ್ಟು ಗಾಳಿಮಳೆ ತಡೆದಿದೆಯೋ. ನಮ್ಮ ಹಂಚು ಹೆಬ್ಬೆರಳಿನ ತುದಿಗಿಂತ ಸ್ವಲ್ಪ ದೊಡ್ಡದು, ಒಂದೊಂದನ್ನೂ ಚಿಮಟದಲ್ಲಿ ಹಿಡಿದು ಕೂರಿಸಬೇಕು. ಮಾಡು ಪೂರ್ತಿ ಹೊದಿಸಿ, ಗೋಂದು ಹಚ್ಚುವ ಮೊದಲು ಸಾಲು ಸರಿಯಾಗಿದೆಯಾ ಎಂದು ನೋಡುತ್ತಿದ್ದೆ. ಇವರು ಒಳಗೆ ಬಂದು, "ಎಂತ ಸೆಕೆ ಮಾರಾಯ್ತಿ!" ಎಂದು ಫ್ಯಾನ್ ಹಾಕಿದರು. ಆಮೇಲೆ ಕೋಣೆಯಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ.

ಆದರೂ ಎಲ್ಲಕ್ಕಿಂತ ಜಾಸ್ತಿ ಸತಾಯಿಸಿದ್ದು ಬಾವಿ. ಬಾವಿಕಟ್ಟೆ ಉರುಟು. ಪ್ಲೈ ಚಪ್ಪಟೆ. ಅದನ್ನು ಬಗ್ಗಿಸಲಿಕ್ಕೆ ಒಂದು ಉಪಾಯ ಉಂಟು. ಹಾಳೆಯಲ್ಲಿ ಸಣ್ಣ ಸಣ್ಣ ಸೀಳುಗಳನ್ನು ಸಾಲಾಗಿ, ಒಂದು ಸಾಲಿನ ಸೀಳು ಮುಗಿಯುವಲ್ಲಿ ಪಕ್ಕದ ಸಾಲಿನದ್ದು ನಡುವೆ ಬರುವ ಹಾಗೆ ಹಾಕಬೇಕು. ಆಗ ಮರ ಬಟ್ಟೆಯಂತೆ ಬಾಗುತ್ತದೆ ಎಂದು ವೀಡಿಯೋದಲ್ಲಿ ತೋರಿಸುತ್ತಾರೆ. ನಮ್ಮಲ್ಲಿ ಅದು ಮುಕ್ಕಾಲು ಸುತ್ತು ಚೆಂದಕ್ಕೆ ಬಾಗಿ, ಇನ್ನೇನು ಎರಡು ತುದಿ ಸೇರಬೇಕು ಎನ್ನುವಾಗ ಟಪ್ ಎನ್ನುತ್ತಿತ್ತು. ಸೀಳು ಹತ್ತಿರ ಮಾಡಿದರೆ ಬಲ ಇಲ್ಲ, ದೂರ ಮಾಡಿದರೆ ಬಗ್ಗುವುದಿಲ್ಲ. ಕೊನೆಗೆ ಸ್ವಲ್ಪ ನೀರು ಚಿಮುಕಿಸಿ, ಹಾರ್ಲಿಕ್ಸ್ ಬಾಟಲಿಗೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ರಾತ್ರಿಯಿಡೀ ಬಿಟ್ಟ ಮೇಲೆ ಬಾವಿ ಬಾವಿಯಾಯಿತು. ರಾಟೆ ಹಾಕಿದೆವು, ಹಗ್ಗ ಹಾಕಿದೆವು. ಅಷ್ಟರಲ್ಲಿ ಪೆರ್ಲದ ಕಡೆಯ ಪರಿಚಯದವರೊಬ್ಬರು ಬಂದು, "ನಮ್ಮಲ್ಲಿ ಬಾವಿ ಇಲ್ಲ ಅಕ್ಕ, ಸುರಂಗದ ನೀರು. ಸುರಂಗ ಮಾಡಿ ಕೊಡಿ" ಎಂದರು. ನಮ್ಮ ಜಿಲ್ಲೆಯ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ಸಾವಿರಾರು ಸುರಂಗಗಳಿವೆ, ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಸುರಂಗ ಎಂದರೆ ಒಂದು ತೂತು. ತೂತು ಮಾಡಲಿಕ್ಕೆ ಮೊದಲು ಗುಡ್ಡ ಬೇಕು. 1:12ರ ಗುಡ್ಡವನ್ನು ಯಾವ ಕೊರಿಯರಿನವರೂ ತೆಗೆದುಕೊಳ್ಳುವುದಿಲ್ಲ.

ಫೋನುಗಳು ಬರುತ್ತಲೇ ಇರುತ್ತವೆ. ಒಬ್ಬರ ಮಗಳ ಹತ್ತಿರ ಇರುವುದು ಬಾರ್ಬಿ. ಅವಳು ಹನ್ನೊಂದೂವರೆ ಇಂಚು ಉದ್ದ, ನಮ್ಮ ಮನೆಯ ಲೆಕ್ಕದಲ್ಲಿ ಹನ್ನೊಂದೂವರೆ ಅಡಿಯ ಹೆಂಗಸು. ಚಾವಡಿಯಲ್ಲಿ ಮಲಗಿಸಿದರೆ ಕಾಲು ಜಗಲಿ ದಾಟಿ ತುಳಸಿಕಟ್ಟೆಗೆ ತಾಗುತ್ತದೆ, ತುಳಸಿಗೆ ಕಾಲು ತಾಗಿಸಬಾರದು ಎಂದು ಮಗುವಿನ ಅಜ್ಜಿ ಗಲಾಟೆ ಮಾಡುತ್ತಾರಂತೆ. ಇನ್ನೊಬ್ಬರು ಮನೆ ತುಂಬಾ ಕತ್ತಲು ಎಂದರು. ಫೋಟೋ ಕಳಿಸಿ ಎಂದೆ. ಕಿಟಕಿಯ ಜಾಗದಿಂದ ಬಿದ್ದುಹೋಗಬೇಕಾದ ತುಂಡುಗಳನ್ನು ಒಂದೂ ಬಿಡದೆ ಆರಿಸಿ, ಅಚ್ಚುಕಟ್ಟಾಗಿ ವಾಪಸ್ ಅಂಟಿಸಿದ್ದರು. ಅಷ್ಟು ನೀಟಾದ ಕೆಲಸ ನಾನೂ ಮಾಡಲಾರೆ.

ಹೋದ ವಾರ ಉಪ್ಪಳದಿಂದ ಫೋನ್ ಬಂತು. ಮನೆಯಲ್ಲಿ ಅಕ್ಕ ತಂಗಿ ಇಬ್ಬರು ಮಕ್ಕಳು. ಮನೆ ಕಟ್ಟಿ ಮುಗಿಸಿದ ಮೇಲೆ ದಿನಾ ಜಗಳ.

"ಪಾಲು ಮಾಡಿಬಿಡುವುದೇ ಒಳ್ಳೆಯದು ಅಂತ ಕಾಣ್ತದೆ ಅಕ್ಕ. ಚಾವಡಿಯ ನಡುವೆ ಒಂದು ಗೋಡೆ ಕಳಿಸ್ತೀರಾ?"

ಕಳಿಸಿದೆ. ಗೋಡೆಗಿಂತ ಕೊರಿಯರಿನ ಖರ್ಚು ಜಾಸ್ತಿ. ಮುಟ್ಟಿದ ದಿನ ಸಂಜೆಯೇ ಪುನಃ ಫೋನ್.

"ಗೋಡೆ ಸರಿಯಾಗಿ ಕೂತಿತು. ದೊಡ್ಡವಳಿಗೆ ದೇವರಕೋಣೆ, ಸಣ್ಣವಳಿಗೆ ಹಟ್ಟಿ, ದನ ಇಬ್ಬರಿಗೂ ಒಂದೊಂದು ದಿನ. ಅಲ್ಲಿಗೆ ಸಮಾಧಾನ ಆಯ್ತು. ಈಗ ಬಾವಿಯದ್ದೇ ತಕರಾರು. ಇನ್ನೊಂದು ಬಾವಿ ಮಾತ್ರ ಬೇರೆಯಾಗಿ ಕೊಡ್ಲಿಕ್ಕೆ ಆಗ್ತದಾ?"

ಹಾರ್ಲಿಕ್ಸ್ ಬಾಟಲಿಯಲ್ಲಿ ಅತ್ತೆ ಉಪ್ಪಿನಕಾಯಿ ತುಂಬಿಸಿಟ್ಟಿದ್ದಾರೆ.