ಮೊಲ ತರುವ ಮುಂಚೆ ಮೊಲದ ಡಾಕ್ಟರನ್ನು ಹುಡುಕಿಕೊಳ್ಳಿ

ಬೆಂಗಳೂರಿನಲ್ಲಿ ಈಗ ಎಲ್ಲಿ ನೋಡಿದರೂ ಪೆಟ್ ಕ್ಲಿನಿಕ್. ಬೋರ್ಡಿನಲ್ಲಿ ನಾಯಿ, ಬೆಕ್ಕಿನ ಪಕ್ಕ ಒಂದು ಬಿಳಿ ಮೊಲದ ಚಿತ್ರವೂ ಇರುತ್ತದೆ. ಆ ಚಿತ್ರ ನೋಡಿ ಒಳಗೆ ಹೋಗಬೇಡಿ. ನಮ್ಮ ಪಶುವೈದ್ಯರು ಐದೂವರೆ ವರ್ಷ ಓದುತ್ತಾರೆ ನಿಜ. ಹೆಬ್ಬಾಳದ ಪಶುವೈದ್ಯ ಕಾಲೇಜಿರಲಿ, ಬೀದರಿನದಿರಲಿ, ಆ ಓದಿನ ಬಹುಪಾಲು ದನ, ಎಮ್ಮೆ, ಕುರಿ, ಕೋಳಿ, ನಾಯಿಗಳದ್ದು. ಮೊಲ, ಗಿನಿಪಿಗ್, ಹ್ಯಾಮ್‌ಸ್ಟರ್‌ಗಳ ಚಿಕಿತ್ಸೆಯನ್ನು ಆಮೇಲೆ ಆಸಕ್ತಿಯಿಂದ ಕಲಿತವರು ಕೆಲವೇ ಮಂದಿ. ಅವರು ಯಾರು, ಎಲ್ಲಿದ್ದಾರೆ ಅನ್ನುವುದು ಮೊಲ ಆರೋಗ್ಯವಾಗಿರುವಾಗಲೇ ನಮಗೆ ಗೊತ್ತಿರಬೇಕು.

ಫೋನಿನಲ್ಲೇ ಒಂದು ಪ್ರಶ್ನೆ ಕೇಳಿ: "ಆಪರೇಷನ್‌ಗೆ ಮುಂಚೆ ಎಷ್ಟು ಹೊತ್ತು ಉಪವಾಸ ಇಡಬೇಕು?" "ಹಿಂದಿನ ರಾತ್ರಿಯಿಂದ ಏನೂ ಕೊಡಬೇಡಿ" ಅಂದರೆ ಬೇರೆ ಕ್ಲಿನಿಕ್ ನೋಡಿಕೊಳ್ಳಿ. ಅರಿವಳಿಕೆ ಕೊಟ್ಟಾಗ ನಾಯಿ ವಾಂತಿ ಮಾಡಿ, ಅದು ಶ್ವಾಸಕೋಶಕ್ಕೆ ಇಳಿಯಬಾರದು ಅಂತ ನಾಯಿಗೆ ಉಪವಾಸ. ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ. ಅದರ ಕರುಳಿಗೆ ಹುಲ್ಲು ಬರುತ್ತಲೇ ಇರಬೇಕು. ರಾತ್ರಿಯಿಡೀ ಹೊಟ್ಟೆಗೆ ಇಲ್ಲದಿದ್ದರೆ, ಆಪರೇಷನ್ ಎಷ್ಟೇ ಚೆನ್ನಾಗಿ ಆದರೂ ಆಮೇಲೆ ಕರುಳಿನ ಚಲನೆ ನಿಂತುಬಿಡಬಹುದು. ಬಾಯಲ್ಲಿ ತುತ್ತು ಉಳಿಯಬಾರದೆಂದು ಒಂದೆರಡು ಗಂಟೆ ಹುಲ್ಲು ತೆಗೆಸುವುದುಂಟು, ಅಷ್ಟೇ. ತಿಳಿದ ವೈದ್ಯರು "ಅದು ತಿನ್ನುವ ಹುಲ್ಲು ಜೊತೆಗೇ ತನ್ನಿ, ಎಚ್ಚರವಾದ ಮೇಲೆ ತಿನ್ನಬೇಕು" ಅನ್ನುತ್ತಾರೆ.

ಇದಕ್ಕಿಂತ ದೊಡ್ಡ ಅಪಾಯ ಆಂಟಿಬಯಾಟಿಕ್‌ನದು. ಮಕ್ಕಳಿಗೆ ಕುಡಿಸುವ ಅಮಾಕ್ಸಿಸಿಲಿನ್ ಸಿರಪ್ ಇದೆಯಲ್ಲ, ಅದು ಮೊಲದ ಬಾಯಿಗೆ ಹೋಗಲೇಬಾರದು. ಆಂಪಿಸಿಲಿನ್, ಲಿಂಕೊಮೈಸಿನ್, ಕ್ಲಿಂಡಾಮೈಸಿನ್ ಕೂಡ ಅಷ್ಟೇ. ಮೊಲ ಹುಲ್ಲನ್ನು ಹುದುಗಿಸುವುದು ಸೀಕಮ್ ಎಂಬ ದೊಡ್ಡ ಚೀಲದಲ್ಲಿ. ಈ ಔಷಧಿಗಳು ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದಾಗ ಕ್ಲಾಸ್ಟ್ರಿಡಿಯಂ ಎಂಬ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ಭೇದಿ ಶುರುವಾಗಿ ಕೆಲವೇ ದಿನಗಳಲ್ಲಿ ಪ್ರಾಣಿ ಸಾಯಬಹುದು. ಗಿನಿಪಿಗ್, ಹ್ಯಾಮ್‌ಸ್ಟರ್‌ಗೂ ಇದೇ ಅಪಾಯ. ಎನ್ರೋಫ್ಲಾಕ್ಸಸಿನ್, ಟ್ರೈಮೆಥೊಪ್ರಿಮ್-ಸಲ್ಫಾ ಸಾಮಾನ್ಯವಾಗಿ ಮೊಲಕ್ಕೆ ಒಗ್ಗುತ್ತವೆ. ಚೀಟಿ ಕೈಗೆ ಬಂದಾಗ ಔಷಧಿಯ ಹೆಸರು ಓದಿ, ಅನುಮಾನ ಬಂದರೆ ಅಲ್ಲೇ ಕೇಳಿ. ಡಾಕ್ಟರಿಗೆ ಬೇಜಾರಾದೀತು ಅಂತ ಸುಮ್ಮನಿರುವುದು ಬೇಡ.

ಕಜ್ಜಿಯ ವಿಷಯವೂ ಹೀಗೇ. ಕಿವಿಯೊಳಗೆ ದಪ್ಪ ಹಕ್ಕಳೆ, ಮೂಗಿನ ಮೇಲೆ ಬಿಳಿ ಪುಡಿ ಕಂಡಾಗ ನಾಯಿಯ ಮೈಯ ಉಣ್ಣಿ ಹುಳಕ್ಕೆ ಹೊಡೆಯುವ ಫಿಪ್ರೊನಿಲ್ ಸ್ಪ್ರೇ ಕೊಟ್ಟು ಕಳಿಸುವವರಿದ್ದಾರೆ. ಮೊಲಕ್ಕೆ ಅದು ವಿಷ. ಕೊಡಬೇಕಾದದ್ದು ಐವರ್ಮೆಕ್ಟಿನ್ ಅಥವಾ ಸೆಲಮೆಕ್ಟಿನ್. ಅದರಲ್ಲೂ ಪ್ರಮಾಣ ನೋಡಿ: ಐವರ್ಮೆಕ್ಟಿನ್ ಕೆಜಿಗೆ 0.2ರಿಂದ 0.4 ಮಿಲಿಗ್ರಾಂ ಅಂದರೆ, ಒಂದೂವರೆ ಕೆಜಿ ಮೊಲಕ್ಕೆ ದನಕ್ಕೆ ಬಳಸುವ 1% ಇಂಜೆಕ್ಷನ್‌ನಲ್ಲಿ 0.03ರಿಂದ 0.06 ಎಂಎಲ್. ಎರಡು ಎಂಎಲ್ ಸಿರಿಂಜಿನಲ್ಲಿ ಅದನ್ನು ಅಳೆಯಲು ಸಾಧ್ಯವೇ ಇಲ್ಲ. ಇನ್ಸುಲಿನ್ ಸಿರಿಂಜ್ ಬೇಕು, ಗ್ರಾಂ ತೋರಿಸುವ ತಕ್ಕಡಿ ಬೇಕು. ಮೊಲವನ್ನು ಕೈಯಲ್ಲೆತ್ತಿ "ಒಂದು ಎರಡು ಕೆಜಿ ಇರಬಹುದು" ಅಂದು ಔಷಧಿ ಎಳೆಯುವ ಕಡೆ ನಿಲ್ಲಬೇಡಿ. (ಈ ಲೆಕ್ಕ ಹೇಳಿದ್ದು ಡಾಕ್ಟರನ್ನು ಅಳೆಯುವುದಕ್ಕೆ, ಮನೆಯಲ್ಲಿ ಚುಚ್ಚುವುದಕ್ಕಲ್ಲ.) ನೋವಿನ ಔಷಧಿಯಲ್ಲಿ ತಪ್ಪು ಉಲ್ಟಾ ಆಗುತ್ತದೆ. ಮೆಲಾಕ್ಸಿಕ್ಯಾಮ್ ಮೊಲಕ್ಕೆ ಕೆಜಿ ಲೆಕ್ಕದಲ್ಲಿ ನಾಯಿಗಿಂತ ಹೆಚ್ಚೇ ಬೇಕು. ನಾಯಿಯ ಡೋಸ್ ಕೊಟ್ಟರೆ ನೋವು ಹೋಗುವುದಿಲ್ಲ, ನೋವಿದ್ದರೆ ಮೊಲ ತಿನ್ನುವುದಿಲ್ಲ.

ಮೇಜಿನ ಮೇಲೆ ಪರೀಕ್ಷೆ ಮಾಡುವಾಗ ಕೈಗಳನ್ನು ಗಮನಿಸಿ. ಕಿವಿ ಹಿಡಿದು ಎತ್ತಿದರೆ ಮಾತೇ ಬೇಡ, ವಾಪಸ್ ಬನ್ನಿ. ಹಿಂಭಾಗಕ್ಕೆ ಕೈ ಕೊಡದೆ ಎತ್ತಿದರೆ ಮೊಲ ಜೋರಾಗಿ ಒದ್ದು, ಆ ರಭಸಕ್ಕೇ ಬೆನ್ನುಮೂಳೆ ಮುರಿಯಬಹುದು. ಹಲ್ಲು ನೋಡುವುದೂ ಒಂದು ಪರೀಕ್ಷೆಯೇ. ಮೊಲದ 28 ಹಲ್ಲುಗಳಲ್ಲಿ ತುಟಿ ಸರಿಸಿದರೆ ಕಾಣುವುದು ಮುಂದಿನವು ಮಾತ್ರ. 22 ದವಡೆ ಹಲ್ಲುಗಳನ್ನು ನೋಡಲು ಓಟೋಸ್ಕೋಪನ್ನು (ಕಿವಿಯೊಳಗೆ ನೋಡುವ ದೀಪದ ಉಪಕರಣ) ಬಾಯಿಯ ಪಕ್ಕದಿಂದ ಒಳಗೆ ಬಿಡಬೇಕು. ತೊಂದರೆ ಹೆಚ್ಚಾಗಿ ಅಲ್ಲೇ ಇರುತ್ತದೆ, ಹಲ್ಲು ಮುಳ್ಳಿನಂತೆ ಬೆಳೆದು ನಾಲಿಗೆ, ಕೆನ್ನೆ ಕೊರೆಯುತ್ತಿರುತ್ತದೆ. ಮುಂದಿನ ಹಲ್ಲು ಉದ್ದವಾಗಿದೆ ಅಂತ ಉಗುರು ಕಟರಿನಲ್ಲಿ ಕತ್ತರಿಸಿದರೆ ಹಲ್ಲು ಉದ್ದಕ್ಕೆ ಸೀಳಿ ಬೇರಿಗೆ ಕೀವು ಸೇರಬಹುದು. ಅದನ್ನು ಬರ್ ಎಂಬ ಹಲ್ಲು ಉಜ್ಜುವ ತಿರುಗು ಯಂತ್ರದಿಂದ ಉಜ್ಜಿಯೇ ಸರಿಮಾಡಬೇಕು.

ಹನ್ನೆರಡು ಗಂಟೆ ತಿನ್ನದ, ಹಿಕ್ಕೆ ಹಾಕದ ಮೊಲ ತುರ್ತು ಕೇಸ್. "ನಾಳೆ ನೋಡೋಣ" ಅನ್ನುವ ಕ್ಲಿನಿಕ್ ಇದಕ್ಕೆ ಆಗುವುದಿಲ್ಲ. ಹಾಗೆಯೇ ಬಂದ ತಕ್ಷಣ ಸಿರಿಂಜಿನಲ್ಲಿ ಆಹಾರ ತುರುಕುವವರೂ ಬೇಡ. ಮೊದಲು ಮೈಶಾಖ ನೋಡಬೇಕು. ಅದು 38.5ರಿಂದ 40 ಡಿಗ್ರಿ ಸೆಲ್ಸಿಯಸ್ ಇರಬೇಕು, 38ಕ್ಕಿಂತ ಕೆಳಗಿಳಿದಿದ್ದರೆ ಬೆಚ್ಚಗೆ ಮಾಡುವುದೇ ಮೊದಲ ಕೆಲಸ. ಹೊಟ್ಟೆ ಮುಟ್ಟಿ, ಎಕ್ಸ್‌ರೇ ತೆಗೆದು, ಕರುಳಿಗೆ ಏನೂ ಅಡ್ಡ ಸಿಕ್ಕಿಲ್ಲ ಅಂತ ಖಾತ್ರಿಯಾದ ಮೇಲೆ ಆಹಾರ.

ಜಿಲ್ಲೆ, ತಾಲ್ಲೂಕುಗಳಲ್ಲಿ ಇರುವವರಿಗೆ ಇಷ್ಟೆಲ್ಲ ಆರಿಸುವ ಅವಕಾಶ ಇರುವುದಿಲ್ಲ. ಅಲ್ಲಿ ಸಿಗುವ ಪಶುವೈದ್ಯರು ಆಡು ಕುರಿಗಳಲ್ಲಿ ನಿಪುಣರು. ಆದರೆ ಮೊಲ ಮೆಲುಕು ಹಾಕುವ ಪ್ರಾಣಿಯಲ್ಲ, ಅದರ ಜೀರ್ಣಾಂಗ ಕುದುರೆಯದಕ್ಕೆ ಹತ್ತಿರ. "ನನಗೆ ಮೊಲದ ಅನುಭವ ಕಡಿಮೆ, ಗೊತ್ತಿರುವವರನ್ನು ಕೇಳಿ ಮಾಡುತ್ತೇನೆ" ಅನ್ನುವ ವೈದ್ಯರು ಸಿಕ್ಕರೆ ಅವರನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನಗರದ ತಜ್ಞರ ಜೊತೆ ಅವರನ್ನು ಫೋನಿನಲ್ಲಿ ಮಾತಾಡಿಸಿ. ಚರ್ಮದಡಿ ಡ್ರಿಪ್ ಕೊಡುವುದು, ಎಕ್ಸ್‌ರೇ, ಹಿಕ್ಕೆ ಪರೀಕ್ಷೆ ಊರಲ್ಲೇ ಆಗುತ್ತವೆ.

ಹೋಗುವಾಗ ಆ ದಿನದ ಹಿಕ್ಕೆಯನ್ನು ಡಬ್ಬಿಯಲ್ಲಿ ಹಾಕಿಕೊಳ್ಳಿ. ವಾರಕ್ಕೊಮ್ಮೆ ಅಡುಗೆ ತಕ್ಕಡಿಯಲ್ಲಿ ನೋಡಿದ ತೂಕ ಬರೆದುಕೊಂಡು ಹೋಗಿ. ಗರಿಕೆ ಎಷ್ಟು, ಕುದುರೆಮೆಂತೆ ಎಷ್ಟು, ಪೆಲೆಟ್ ಎಷ್ಟು ಅಂತ ಸರಿಯಾಗಿ ಹೇಳಿ. ಗಿನಿಪಿಗ್ ಆದರೆ ವಿಟಮಿನ್ ಸಿ ಯಾವ ರೂಪದಲ್ಲಿ ಕೊಡುತ್ತಿದ್ದೀರಿ ಅನ್ನುವುದನ್ನೂ ಹೇಳಿ. ಬೇಸಿಗೆಯಲ್ಲಿ ಬೆಳಗಿನ ಮೊದಲ ಅಪಾಯಿಂಟ್‌ಮೆಂಟ್ ಕೇಳಿ, ಬುಟ್ಟಿಯ ಪಕ್ಕ ಬಟ್ಟೆ ಸುತ್ತಿದ ಐಸ್ ಬಾಟಲಿ ಇಡಿ, ಕಾಯುವಾಗ ನಾಯಿಗಳಿಂದ ದೂರ ಕೂತುಕೊಳ್ಳಿ.