ಎಲ್ಲಾ ಬರುವ ತನಕ

ಭಾನುವಾರ ಬೆಳಗ್ಗೆ ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದ ಅಮ್ಮ, ನನ್ನ ಫೋನಿನಿಂದ ಬರುತ್ತಿದ್ದ ಹಾಡಿಗೆ ಕಿವಿಗೊಟ್ಟು, "ಯಾರೋ ಇದು ಹಾಡೋದು?" ಎಂದಳು.

"ಎಲ್ಲಾ" ಎಂದೆ.

"ಎಲ್ಲಾ ಎಲ್ಲಿ? ಒಬ್ಬಳದೇ ದನಿ ಕೇಳ್ತಿದೆಯಲ್ಲ."

"ಅದೇ ಅಮ್ಮ. ಅವಳೇ ಎಲ್ಲಾ."

ಅಮ್ಮ ಕೈಯಲ್ಲಿದ್ದ ಕಾಯಿಯನ್ನು ಹಾಗೇ ಹಿಡಿದು ನನ್ನ ಮುಖ ನೋಡಿದಳು. ನಲವತ್ತು ದಾಟಿದ ಮಗ ಯಾವಳನ್ನೋ "ಅವಳೇ ಎಲ್ಲಾ" ಅಂದುಬಿಟ್ಟರೆ ಯಾವ ತಾಯಿಯ ಎದೆ ಧಸಕ್ಕೆನ್ನುವುದಿಲ್ಲ ಹೇಳಿ. ಎಲ್ಲಾ ಫಿಟ್ಜೆರಾಲ್ಡ್ ಎಂದು ಪೂರ್ತಿ ಹೆಸರು ಹೇಳಿ, ಅಮೆರಿಕದ ಕಪ್ಪು ಜನರ ಪೈಕಿ, 1917ರಲ್ಲಿ ಹುಟ್ಟಿದವಳು, 1996ರಲ್ಲಿ ತೀರಿಕೊಂಡಳು ಎಂದು ವಂಶಾವಳಿ ಒಪ್ಪಿಸಿದ ಮೇಲೆ ಅಮ್ಮನ ಜೀವ ಸಮಾಧಾನವಾಯಿತು. "ಪಾಪ, ಚೆನ್ನಾಗಿ ಹಾಡ್ತಿದ್ಲು" ಎಂದು ಮತ್ತೆ ಹುರುಳಿಕಾಯಿಗೆ ಕೈ ಹಾಕಿದಳು.

ಜ್ಯಾಜ್ ಬಲ್ಲವರೊಡನೆ ಎಲ್ಲಾ ಹೆಸರೆತ್ತಿದರೆ ಅವರು ನೇರ 1956ಕ್ಕೆ ಹೋಗುತ್ತಾರೆ. ಆ ವರ್ಷದಿಂದ ಆಕೆ ಒಬ್ಬೊಬ್ಬ ರಚನಕಾರನ ಹಾಡುಗಳನ್ನೇ ಆಯ್ದು ಸಂಪುಟ ಸಂಪುಟವಾಗಿ ಹಾಡಿದ ಧ್ವನಿಮುದ್ರಣಗಳೇ ಶಿಖರ, ಅದಕ್ಕೆ ಮೊದಲಿನದೆಲ್ಲ ತಪ್ಪಲು ಎಂಬುದು ಅವರ ಲೆಕ್ಕ. ನನಗೋ ತಪ್ಪಲಲ್ಲೇ ಅಡ್ಡಾಡುವ ಚಟ. 1935ರಿಂದ 38ರವರೆಗೆ, ಹದಿನೆಂಟರಿಂದ ಇಪ್ಪತ್ತೊಂದರ ಹುಡುಗಿ ಚಿಕ್ ವೆಬ್ ಎಂಬವನ ವಾದ್ಯಮೇಳದ ಜೊತೆ ಹಾಡಿದ ಮೂರು ಮೂರು ನಿಮಿಷದ ಹಾಡುಗಳು ನನಗೆ ಸಾಕು. ನನ್ನ ಗೆಳೆಯನೊಬ್ಬ ಅವನ್ನು "ಎಳಸು" ಎಂದು ತಳ್ಳಿಹಾಕುತ್ತಾನೆ. ಗುಜ್ಜೆ ಪಲ್ಯಕ್ಕೆ ಬಾಯಿ ಬಿಡುವ ನಾಡಿನಲ್ಲಿ ಹುಟ್ಟಿ, ಎಳಸು ಎಂಬುದನ್ನು ಬೈಗುಳ ಮಾಡಿಕೊಂಡವನ ಜೊತೆ ಏನು ವಾದ ಮಾಡುವುದು?

ಒಪ್ಪಬೇಕಾದದ್ದನ್ನು ಒಪ್ಪಿಬಿಡುತ್ತೇನೆ. ಆ ಕಾಲದಲ್ಲಿ ಅವಳ ಪಾಲಿಗೆ ಬಂದ ಹಾಡುಗಳಲ್ಲಿ ಮುಕ್ಕಾಲು ಪಾಲು ಜೊಳ್ಳು. ಒಳ್ಳೊಳ್ಳೆಯ ಹಾಡುಗಳು ದೊಡ್ಡ ಹೆಸರಿನವರಿಗೆ ಹೋಗಿ, ಉಳಿದ ಪ್ರಾಸದ ಪುಡಿ ಇವಳಿಗೆ. ಆದರೆ ಅವಳು ಅದನ್ನೇ ಕೋಸಂಬರಿಯಂತೆ ಹಸಿಹಸಿಯಾಗಿ, ಒಂದೊಂದು ಅಕ್ಷರವೂ ಹಲ್ಲಿಗೆ ಸಿಗುವಂತೆ ಬಡಿಸುತ್ತಾಳೆ. ಮಾತು ಏನೂ ಇಲ್ಲದಿದ್ದರೂ ಉಚ್ಚಾರ ಮಾತ್ರ ಸ್ಫಟಿಕ.

ಈ ಹಾಡುಗಳಲ್ಲಿ ನನ್ನನ್ನು ಹಿಡಿದಿರುವುದು ಇನ್ನೊಂದು ಸಂಗತಿ, ಕಾಯುವುದು. ಹಾಡು ಶುರುವಾದ ಕೂಡಲೇ ಎಲ್ಲಾ ಬರುವುದಿಲ್ಲ. ಮೊದಲು ತುತ್ತೂರಿಗಳು, ಆಮೇಲೆ ಸ್ಯಾಕ್ಸೊಫೋನುಗಳು, ಪಲ್ಲವಿಯನ್ನು ಒಂದು ಸುತ್ತು ಪೂರ್ತಿ ಊದುತ್ತವೆ. ಎಷ್ಟೋ ಹಾಡುಗಳಲ್ಲಿ ಹೆಚ್ಚುಕಡಿಮೆ ಒಂದು ನಿಮಿಷ ಹೀಗೇ ಕಳೆದು, ಇನ್ನು ಬರುವುದೇ ಇಲ್ಲವೇನೋ ಎನ್ನುವಾಗ ಪಕ್ಕದ ಕೋಣೆಯಿಂದ ಬಂದವಳಂತೆ ಬರುತ್ತಾಳೆ. ಒಂದು ಸುತ್ತು ಹಾಡುತ್ತಾಳೆ, ಸರಿಯುತ್ತಾಳೆ. ಉಳಿದದ್ದು ಮತ್ತೆ ತುತ್ತೂರಿಯವರದು. ನಮ್ಮ ಕಡೆ ಮದುವೆಯಲ್ಲಿ ವಾಲಗದವರ ನಡುವೆ ಕೂತ ಹುಡುಗಿಯೊಬ್ಬಳು ತಟ್ಟನೆ ಎದ್ದು ಒಂದು ನಿಮಿಷ ಹಾಡಿ, ಸೆರಗು ಸರಿಮಾಡಿಕೊಂಡು ಕೂತುಬಿಟ್ಟರೆ ಹೇಗೋ ಹಾಗೆ.

ಒಮ್ಮೆ ಹಾಲು ಕಾಯಲಿಟ್ಟು ಹೀಗೆ ಕಾಯುತ್ತಿದ್ದೆ. ಎಲ್ಲಾ ಬಂದಳು, ಹಾಲೆಲ್ಲಾ ಹೋಯಿತು.

ಕಾರಣ ಸರಳ. ಅದು ಕುಣಿಯುವವರ ಸಂಗೀತ. ಸಭಾಂಗಣದಲ್ಲಿ ಕೈಕಟ್ಟಿ ಕೂತು ತಲೆದೂಗುವವರನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಗ್ರಾಮಫೋನ್ ತಟ್ಟೆಯ ನಡುವಿನ ಚೀಟಿಯ ಮೇಲೆ ಹಾಡಿನ ಹೆಸರು, ಅದು ಯಾವ ಕುಣಿತಕ್ಕೆ ಎಂಬ ಸೂಚನೆ (ಹೆಚ್ಚಾಗಿ ಫಾಕ್ಸ್ ಟ್ರಾಟ್), ಮೇಳದ ನಾಯಕನ ಹೆಸರು. ಕೊನೆಯಲ್ಲಿ ಸಣ್ಣಕ್ಷರದಲ್ಲಿ, ಹಾಡಿಕೆ ಇಂಥವಳದು ಅಂತ. ಇದನ್ನು ನೋಡಿದಾಗೆಲ್ಲ ನನಗೆ ಗೌಹರ್ ಜಾನ್ ನೆನಪಾಗುತ್ತಾಳೆ. 1902ರಲ್ಲಿ ಕಲ್ಕತ್ತೆಯಲ್ಲಿ ತಟ್ಟೆಗೆ ಹಾಡಿ, ಕಡೆಯಲ್ಲಿ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಸಾರಿದ ಆ ಗಾಯಕಿ ಕೊನೆಗಾಲ ಕಳೆದದ್ದು ನಮ್ಮ ಮೈಸೂರಿನಲ್ಲೇ, ತೀರಿಕೊಂಡದ್ದು 1930ರಲ್ಲಿ. ಅವಳಿಗೂ ಸಿಕ್ಕದ್ದು ಮೂರು ನಿಮಿಷವೇ. ಆದರೆ ಮೂರೂ ನಿಮಿಷ ಅವಳದೇ, ಮೇಲೆ ಹೆಸರಿನ ಮೊಹರು ಬೇರೆ. ಎಲ್ಲಾಗೆ ಸಿಕ್ಕದ್ದು ನಡುವಿನ ಒಂದು ನಿಮಿಷ.

ಹಾಗೆ ನೋಡಿದರೆ ಅವಳು ಹಾಡಲಿಕ್ಕೆಂದು ಹೊರಟವಳೇ ಅಲ್ಲ. ನ್ಯೂಯಾರ್ಕಿನ ಪಕ್ಕದ ಯಾಂಕರ್ಸ್‌ನಲ್ಲಿ ಬೆಳೆದವಳಿಗೆ ಕುಣಿತದ ಹುಚ್ಚು. 1932ರಲ್ಲಿ ತಾಯಿ ಸತ್ತಳು. ಆಮೇಲೆ ಹುಡುಗಿಯರ ಸುಧಾರಣಾ ಶಾಲೆ, ಅದೂ ತಪ್ಪಿ ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನ ಬೀದಿ. 1934ರ ನವೆಂಬರ್ 21ರ ರಾತ್ರಿ ಅಪೊಲೊ ಥಿಯೇಟರಿನ ಹವ್ಯಾಸಿಗಳ ಸ್ಪರ್ಧೆಗೆ ಹೆಸರು ಕೊಟ್ಟದ್ದು ಕುಣಿಯಲಿಕ್ಕೇ. ಆದರೆ ಎಡ್ವರ್ಡ್ಸ್ ಸೋದರಿಯರು ಇವಳಿಗಿಂತ ಮೊದಲು ವೇದಿಕೆ ಹತ್ತಿ ಧೂಳೆಬ್ಬಿಸಿಬಿಟ್ಟರು. ಇವಳಿಗೆ ಕಾಲೇ ಬರಲಿಲ್ಲ. ವೇದಿಕೆಯ ನಡುವೆ ನಿಂತಾಗಿದೆ, ಏನಾದರೂ ಮಾಡಬೇಕು. ಕಾನಿ ಬಾಸ್‌ವೆಲ್ ಎಂಬ ಗಾಯಕಿಯ ತಟ್ಟೆಗಳನ್ನು ಕೇಳಿ ಕೇಳಿ ಬಾಯಿಗೆ ಬಂದಿತ್ತು, ಅವಳ ಹಾಗೇ ಹಾಡಿದಳು. ಇಪ್ಪತ್ತೈದು ಡಾಲರ್ ಮೊದಲ ಬಹುಮಾನ ಬಂತು. ಕುಣಿತ ಎಲ್ಲಿಗೆ ಹೋಯಿತು? ಕಾಲಿನಿಂದ ಗಂಟಲಿಗೆ ಬಂತು ಎಂಬುದು ನನ್ನ ಸ್ವಂತ ಸಿದ್ಧಾಂತ. ತಾಳದ ಪೆಟ್ಟು ಬೀಳುವ ಜಾಗಕ್ಕಿಂತ ಒಂದು ಕೂದಲೆಳೆ ಆಚೆ ಪದ ಇಟ್ಟು, ಮುಂದಿನ ಪೆಟ್ಟಿಗೆ ಸರಿಯಾಗಿ ಹಾಜರಾಗುವ ಅವಳ ಪರಿ ಕುಣಿಯುವವರದೇ.

ಪೆಟ್ಟು ಕೊಡುತ್ತಿದ್ದವನು ಚಿಕ್ ವೆಬ್. ನಾಲ್ಕಡಿಗಿಂತ ತುಸುವೇ ಎತ್ತರ, ಎಳವೆಯಲ್ಲೇ ಬೆನ್ನುಮೂಳೆಗೆ ತಗುಲಿದ ಕ್ಷಯದಿಂದ ಗೂನು. ಡ್ರಮ್ಮಿನ ಪೆಡಲುಗಳನ್ನು ಅವನ ಕಾಲಿನ ಅಳತೆಗೆ ಮಾಡಿಸಬೇಕಾಗಿತ್ತು. ಹಾರ್ಲೆಮ್‌ನ ಲೆನಾಕ್ಸ್ ಅವೆನ್ಯೂದಲ್ಲಿ 140ನೇ ಬೀದಿಯಿಂದ 141ರವರೆಗೆ ಹಬ್ಬಿಕೊಂಡಿದ್ದ ಸವಾಯ್ ಬಾಲ್‌ರೂಮ್ ಅವನ ರಾಜ್ಯ. ಕರಿಯರು ಬಿಳಿಯರು ಒಂದೇ ನೆಲದ ಮೇಲೆ ಕುಣಿಯಬಹುದಾಗಿದ್ದ, ಆ ಕಾಲಕ್ಕೆ ಅಪರೂಪದ ಜಾಗ. ಅಲ್ಲಿ ಎರಡು ವೇದಿಕೆ, ಒಂದು ಮೇಳ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಇನ್ನೊಂದು ಶುರು. ಒಮ್ಮೊಮ್ಮೆ ಎರಡು ಮೇಳಗಳನ್ನು ಬೇಕೆಂದೇ ಎದುರುಬದುರು ಹೂಡುತ್ತಿದ್ದರು, ನಮ್ಮ ಯಕ್ಷಗಾನದ ಜೋಡಾಟದ ಹಾಗೆ. 1937ರ ಮೇ 11ರಂದು "ಸ್ವಿಂಗ್ ದೊರೆ" ಎಂದು ಬಿರುದಾಂಕಿತನಾಗಿದ್ದ ಬೆನ್ನಿ ಗುಡ್‌ಮನ್ ತನ್ನ ಮೇಳ ಕಟ್ಟಿಕೊಂಡು ಬಂದ. ಒಳಗೆ ಕಾಲಿಡಲು ಜಾಗವಿಲ್ಲ, ಹೊರಗೆ ಸಾವಿರಾರು ಜನ. ರಾತ್ರಿ ಮುಗಿಯುವ ಹೊತ್ತಿಗೆ ಗುಡ್‌ಮನ್ನನ ಡ್ರಮ್ಮರ್ ಜೀನ್ ಕ್ರೂಪಾ ಎದ್ದು ವೆಬ್‌ಗೆ ತಲೆಬಾಗಿದ.

ಇಂಥವನು ಮೊದಲು ಎಲ್ಲಾಳನ್ನು ನೋಡಿ, ಈ ಕೊಳಕು ಬಟ್ಟೆಯ ಹುಡುಗಿಯನ್ನು ವೇದಿಕೆ ಹತ್ತಿಸುವುದು ಹೇಗೆಂದು ಮುಖ ಸಿಂಡರಿಸಿದ ಎನ್ನುತ್ತಾರೆ. ಅವನ ಬಳಿ ಅವಳನ್ನು ಕರೆದುಕೊಂಡು ಹೋದದ್ದು ನಾನೇ ಎಂದವರೂ ಒಬ್ಬಿಬ್ಬರಲ್ಲ. ಗೆದ್ದೆತ್ತಿನ ಬಾಲ ಹಿಡಿಯುವವರು ಹಾರ್ಲೆಮ್‌ನಲ್ಲೂ ಇದ್ದರು.

1935ರ ಜೂನ್ 12ರಂದು ಅವಳ ದನಿ ಮೊದಲ ಸಲ ಡೆಕ್ಕಾ ಕಂಪನಿಯ ತಟ್ಟೆಗೆ ಇಳಿಯಿತು. ಡೆಕ್ಕಾ ಅಮೆರಿಕದಲ್ಲಿ ಅಂಗಡಿ ತೆರೆದು ಆಗಿನ್ನೂ ವರ್ಷವೂ ತುಂಬಿರಲಿಲ್ಲ. ಬೇರೆಯವರು ಮುಕ್ಕಾಲು ಡಾಲರಿಗೆ ಮಾರುವ ತಟ್ಟೆಯನ್ನು ಮೂವತ್ತೈದು ಸೆಂಟಿಗೆ ಕೊಡುತ್ತಿತ್ತು. ಆರ್ಥಿಕ ಕುಸಿತದ ಕಾಲ, ಅದನ್ನೂ ಕೊಳ್ಳಲಾಗದವರಿಗೆ ಜೂಕ್‌ಬಾಕ್ಸ್ ಇತ್ತು. ಐದು ಸೆಂಟಿನ ನಾಣ್ಯ ಹಾಕಿದರೆ ಒಂದು ಹಾಡು.

ಈ ಹಾಡುಗಳ ಹಿಂದೆ ಸದಾ ಒಂದು ಸರಸರ ಸದ್ದು. ಅಮ್ಮ ಮೊದಲ ಸಲ ಕೇಳಿದಾಗ, "ಒಲೆ ಮೇಲೆ ಏನೋ ಇಟ್ಟು ಬಂದಿದೀಯ, ನೋಡು ಹೋಗು" ಎಂದು ಎಬ್ಬಿಸಿದ್ದಳು. ಅದು ತಟ್ಟೆಯದೇ ಸದ್ದು. ಆಗಿನ ತಟ್ಟೆಗಳಿಗೆ ಕಲ್ಲಿನ ಪುಡಿ ಸೇರಿಸಿ ಅದನ್ನು ಹಿಡಿದಿಡಲು ಹಾಕುತ್ತಿದ್ದದ್ದು ಅರಗು. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವುದೂ ಅದೇ, ದುರ್ಯೋಧನ ಪಾಂಡವರಿಗೆ ಮನೆ ಕಟ್ಟಿಸಿದ್ದೂ ಅದರಲ್ಲೇ. ಜಗತ್ತಿಗೆ ಅರಗು ಹೆಚ್ಚಾಗಿ ಹೋಗುತ್ತಿದ್ದದ್ದು ನಮ್ಮ ದೇಶದಿಂದ, ಅದರಲ್ಲೂ ಛೋಟಾ ನಾಗಪುರದ ಕಾಡಿನ ಮುತ್ತುಗದಂಥ ಮರಗಳಿಂದ. ಕೊಂಬೆಗೆ ಮುತ್ತಿಕೊಂಡ ಹುಳ ಒಸರಿಸಿದ ಅಂಟು ಹಡಗು ಹತ್ತಿ ಹೋಗಿ ತಟ್ಟೆಯಾಗಿ, ಹಾರ್ಲೆಮ್‌ನ ಹುಡುಗಿಯ ದನಿಯನ್ನು ಮೈಮೇಲೆ ಗೀಚಿಸಿಕೊಂಡಿತು. 1942ರಲ್ಲಿ ಯುದ್ಧದಿಂದ ಅರಗು ಸಾಗಿ ಬರುವುದು ಕಷ್ಟವಾದಾಗ ಅಮೆರಿಕದವರು ಹಳೇ ತಟ್ಟೆಗಳನ್ನು ಕೂಡಿಸಿ ಕರಗಿಸಿದರು. ಎಷ್ಟು ಎಲ್ಲಾಗಳು ಹಾಗೆ ಕರಗಿ ಬೇರೆಯವರ ದನಿಯಾಗಿ ಎರಕಗೊಂಡರೋ.

ನಡುವೆ ಕದ್ದು ಹಾಡಿದ ಒಂದು ಕತೆಯೂ ಇದೆ. 1936ರ ನವೆಂಬರ್‌ನಲ್ಲಿ ಅವಳು ಬೆನ್ನಿ ಗುಡ್‌ಮನ್ ಮೇಳದೊಂದಿಗೆ ವಿಕ್ಟರ್ ಕಂಪನಿಗೆ ಮೂರು ಹಾಡು ಹಾಡಿಬಿಟ್ಟಳು. ನಮ್ಮ ಹುಡುಗಿ ನಿಮ್ಮ ತಟ್ಟೆಗೆ ಹೇಗೆ ಹಾಡಿದಳೆಂದು ಡೆಕ್ಕಾ ತಕರಾರು ತೆಗೆಯಿತು, ವಿಕ್ಟರ್‌ನವರು ಅವನ್ನು ವಾಪಸು ತೆಗೆದುಕೊಂಡರು. ಸಣ್ಣಕ್ಷರದವಳಿಗಾಗಿ ದೊಡ್ಡವರು ಕಿತ್ತಾಡಿದ ಹೊತ್ತು ಅದು.

ಆಮೇಲೆ ಬುಟ್ಟಿಯ ಹಾಡು ಬಂತು. 1938ರ ಮೇ 2. 'ಎ ಟಿಸ್ಕೆಟ್, ಎ ಟಾಸ್ಕೆಟ್' ಎಂಬುದು ಅಲ್ಲಿನ ಮಕ್ಕಳ ಪದ. ನಾವು ಶಾಲೆಯ ಬಯಲಲ್ಲಿ ಸುತ್ತ ಕೂತು, ಒಬ್ಬರ ಬೆನ್ನ ಹಿಂದೆ ಕರ್ಚೀಫು ಬೀಳಿಸಿ ಓಡುತ್ತಿದ್ದೆವಲ್ಲ, ಅಂಥದೇ ಆಟ. ಅದನ್ನು ಹಾಡು ಮಾಡೋಣವೆಂದು ಎಲ್ಲಾ ಮೇಳದ ಸಂಗೀತ ಹೊಂದಿಸುವ ಹುಡುಗ ಅಲ್ ಫೆಲ್ಡ್‌ಮನ್‌ನ ಬೆನ್ನುಬಿದ್ದಳು. ಪುರುಸೊತ್ತಿಲ್ಲ ಎಂದರೂ ಬಿಡಲಿಲ್ಲ. ಹಳದಿ ಬುಟ್ಟಿ ಕಳೆದುಕೊಂಡ ಹುಡುಗಿಯನ್ನು, ಡ್ರಮ್ಮು ತುತ್ತೂರಿ ಹಿಡಿದ ಗಡವರೆಲ್ಲ ಸೇರಿ, ಬುಟ್ಟಿ ಆ ಬಣ್ಣದ್ದಾ, ಈ ಬಣ್ಣದ್ದಾ ಎಂದು ವಿಚಾರಿಸುತ್ತಾರೆ. ಅವಳು ಅಲ್ಲ ಅಲ್ಲ ಅಲ್ಲ ಎನ್ನುತ್ತಾಳೆ. ಇಷ್ಟೇ ಹಾಡು. ಅಮೆರಿಕ ಅದನ್ನು ತಲೆ ಮೇಲೆ ಹೊತ್ತು ತಿರುಗಿತು. ಬಲ್ಲವರು ಇದಕ್ಕೆ ಮೂಗು ಮುರಿಯುತ್ತಾರೆ, ನನ್ನ ಅಮ್ಮನಿಗೆ ಮಾತ್ರ ಇದೇ ಇಷ್ಟ. ಕತೆ ಹೇಳಿದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ, "ಬುಟ್ಟೀಲಿ ಏನಿತ್ತು?" ಬುಟ್ಟಿಯಷ್ಟೇ ಅಲ್ಲಮ್ಮ, ಅವ್ವನಿಗೆ ಬರೆದ ಕಾಗದವೂ ದಾರಿಯಲ್ಲಿ ಬಿದ್ದುಹೋಯಿತಂತೆ ಎಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳಿಗೆ ಅವ್ವ ಇರಲಿಲ್ಲ ಅಂದ್ಯಲ್ಲ" ಎಂದಳು. ಇಷ್ಟು ವರ್ಷ ಕೇಳಿದ ನನಗೆ ಇದು ಹೊಳೆದಿರಲಿಲ್ಲ.

ಮರುವರ್ಷ ಜೂನ್ 16ರಂದು ಚಿಕ್ ವೆಬ್ ತನ್ನ ಊರು ಬಾಲ್ಟಿಮೋರಿನಲ್ಲಿ ತೀರಿಕೊಂಡ. ಮೇಳ ಇಪ್ಪತ್ತೆರಡರ ಎಲ್ಲಾಳ ಹೆಸರಿಗೆ ಬಂತು. ಅಲ್ಲಿಂದಾಚೆ ಚೀಟಿಯ ಮೇಲೆ ದೊಡ್ಡಕ್ಷರದಲ್ಲಿ ಅವಳದೇ ಹೆಸರು. ನಾನು ಸಾಮಾನ್ಯವಾಗಿ ಅಲ್ಲಿಗೆ ನಿಲ್ಲಿಸಿ, ಮತ್ತೆ ಮೊದಲ ಹಾಡಿಗೆ ಹಿಂದಿರುಗುತ್ತೇನೆ.

ಆ ಮೊದಲ ದಿನ ಮುದ್ರಿಸಿದ ಹಾಡುಗಳಲ್ಲಿ ಒಂದು 'ಲವ್ ಅಂಡ್ ಕಿಸಸ್'. ಅದರ ಬಗ್ಗೆ ಎಲ್ಲಾ ತಾನೇ ಹೇಳಿಕೊಂಡ ಒಂದು ಪ್ರಸಂಗವಿದೆ. ಮೇಳ ಫಿಲಡೆಲ್ಫಿಯಾಕ್ಕೆ ಹೋಗಿತ್ತು. ಅಲ್ಲೊಂದು ಬಿಯರ್ ಅಂಗಡಿಯ ಪಿಕೊಲೊದಲ್ಲಿ ಅವಳ ಹಾಡು ಇತ್ತು. ಜೂಕ್‌ಬಾಕ್ಸಿಗೆ ಅವರು ಹಾಗೆನ್ನುತ್ತಿದ್ದರು. ಅವಳಿಗೆ ಕೇಳುವಾಸೆ. ಆದರೆ ಇಪ್ಪತ್ತೊಂದು ತುಂಬಿರದ ಕಾರಣ ಒಳಗೆ ಬಿಡಲಿಲ್ಲ. ವಯಸ್ಸಾದ ಯಾರನ್ನೋ ಹಿಡಿದು, ಐದು ಸೆಂಟಿನ ನಾಣ್ಯ ಹಾಕಿ ಬಾ ಎಂದು ಒಳಕ್ಕೆ ಕಳಿಸಿ, ತಾನು ಹೊರಗೆ ನಿಂತಳು.

ನಾಣ್ಯ ಬಿದ್ದಿರಬೇಕು. ತಟ್ಟೆ ಸರಸರ ಎಂದು ತಿರುಗಿರಬೇಕು. ಆದರೆ ಹಾಡು ಶುರುವಾದ ಕೂಡಲೇ ಎಲ್ಲಾ ಬರುವುದಿಲ್ಲವಲ್ಲ. ಮೊದಲು ತುತ್ತೂರಿ, ಆಮೇಲೆ ಸ್ಯಾಕ್ಸೊಫೋನು. ಒಳಗೆ ಕುಡಿಯುತ್ತ ಕೂತವರಿಗೆ ಅದೇನೂ ಗೊತ್ತಿಲ್ಲ. ಹೊರಗೆ, ಗೋಡೆಯ ಆಚೆ, ಹದಿನೆಂಟರ ಹುಡುಗಿ ಉಸಿರು ಬಿಗಿಹಿಡಿದು ಎಲ್ಲಾ ಯಾವಾಗ ಬರುತ್ತಾಳೋ ಎಂದು ಕಾಯುತ್ತಿದ್ದಾಳೆ.